ಕಾಫಿ ಕಲೆಯಿಂದ ಟಚ್‌ಸ್ಕ್ರೀನ್‌ವರೆಗೆ

ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದ್ಮೇಲೆ ನೋಡಿದ್ದೀರಾ? ನಡುವೆ ತಿಳಿ, ಅಂಚಲ್ಲಿ ಕಡುಕಂದು ಬಳೆ. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತೆ, ಅಲ್ಲಿ ನೀರು ಬೇಗ ಆರುತ್ತೆ. ಆ ಕೊರತೆ ತುಂಬೋಕೆ ನಡುವಿನ ನೀರು ಹೊರಕ್ಕೆ ಹರಿಯುತ್ತೆ, ಪುಡೀನೂ ಎಳ್ಕೊಂಡು ಹೋಗುತ್ತೆ. 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಇದನ್ನ ವಿವರಿಸಿದರು.

ನಮ್ಮ ಮೊಬೈಲ್ ಪರದೆಯಲ್ಲಿ ಕಣ್ಣಿಗೆ ಕಾಣದ, ಕರೆಂಟು ಹರಿಸುವ ಪದರ ಇದೆ. ಅದಕ್ಕೆ ಇಂಡಿಯಂ ಬೇಕು. ನಾನು ಬಿ.ಕಾಂ. ಓದಿದವನು, ಕಣ್ಣು ಹೋಗಿದ್ದು ಪೂರೈಕೆ ಕಡೆಗೆ: ಇಂಡಿಯಂ ಹೆಚ್ಚಾಗಿ ಸತುವಿನ ಜೊತೆ ಸಿಗೋ ಉಪ ಉತ್ಪನ್ನ. ಬೆಲೆ ಏರಿತು ಅಂತ ಅದಕ್ಕೇ ಗಣಿ ತೋಡೋರು ಕಡಿಮೆ. ಮೇಲಾಗಿ ಆ ಪದರ ಬಾಗಿಸಿದ್ರೆ ಬಿರುಕು ಬಿಡುತ್ತೆ.

ಬದಲಿಗೆ ಬೆಳ್ಳಿಯ ನ್ಯಾನೊ ತಂತಿ ಇದೆ. ದ್ರವದಲ್ಲಿ ಬೆರೆಸಿ ಹಚ್ಚಬೇಕು. ಒಣಗುವಾಗ ಮತ್ತದೇ ಕಾಫಿ ಬಳೆ! ಅಂಚಲ್ಲಿ ತಂತಿಗಳ ಜಾತ್ರೆ, ನಡುವೆ ಖಾಲಿ. ಖಾಲಿ ಕಡೆ ಕರೆಂಟು ಹೋಗಲ್ಲ. ಇದನ್ನ ತಡೆಯೋಕೇ ಲ್ಯಾಬುಗಳಲ್ಲಿ ಒದ್ದಾಟ.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಉಲ್ಟಾ ಯೋಚಿಸಿತು. ಬೆಳ್ಳಿ ಕಣಗಳ ಇಂಕಿನ ಹನಿಗಳನ್ನ ಪ್ರಿಂಟ್ ಮಾಡಿ, ಬಳೆಗೆ ಬಳೆ ತಾಗಿಸಿತು. ಬಳೆಗಳಲ್ಲಿ ಕರೆಂಟು, ನಡುವಿನ ಖಾಲಿಯಲ್ಲಿ ಬೆಳಕು.

ಇದನ್ನೆಲ್ಲ ಅಮ್ಮಂಗೆ ಹೇಳಿದೆ. ಒರೆಸೋ ಬಟ್ಟೆ ಕೈಗೆ ಕೊಟ್ರು.