ಹೊಸ ಕಂಪ್ಯೂಟರಿಗೆ ಸಾಲ ಮಾಡುವ ಮೊದಲು
(ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹೊಲಿಗೆ, ಹಪ್ಪಳ, ಉಪ್ಪಿನಕಾಯಿ ಜೊತೆಗೆ ನಮ್ಮ ಕೆಲವು ಸಂಘಗಳು ಈಗ ಮದುವೆ ಕಾಗದ, ಲೇಬಲ್, ಬ್ಯಾನರ್ ತಯಾರಿಸುವ ಡಿ.ಟಿ.ಪಿ. ಕೆಲಸವನ್ನೂ ಮಾಡುತ್ತಿವೆ. ಸಂತೋಷದ ವಿಷಯ. ಆದರೆ ಒಂದು ಸಂಘಕ್ಕೆ ನಾವು ಭೇಟಿ ಕೊಟ್ಟಾಗ ಜಗಳವೇ ನಡೀತಿತ್ತು. "ಸಿಸ್ಟರ್, ಇವಳು ಒಂದು ಕಾಗದಕ್ಕೆ ಅರ್ಧ ದಿನ ತೆಗೀತಾಳೆ, ಗಿರಾಕಿಗಳು ವಾಪಸ್ ಹೋಗ್ತಾರೆ" ಎಂದು ದೂರು. ಕಂಪ್ಯೂಟರ್ ಮುಂದೆ ಕೂತ ಹುಡುಗಿಯ ಕಣ್ಣಲ್ಲಿ ನೀರು. ಹೊಸ ಕಂಪ್ಯೂಟರಿಗೆ ಸಾಲ ಕೇಳುವುದೆಂದು ನಡಾವಳಿ ಪುಸ್ತಕದಲ್ಲಿ ನಿರ್ಣಯವೂ ಆಗಿತ್ತು.

ನಾವು ಕೇಳಿದ್ದು ಇಷ್ಟೇ: ನಿಧಾನ ಹುಡುಗಿಯದ್ದೋ, ಯಂತ್ರದ್ದೋ? ಯಂತ್ರದ್ದಾದರೆ ಯಾವ ಭಾಗದ್ದು?

ಅದನ್ನು ನೀವೇ ನೋಡಬಹುದು. ಫೋಟೋಶಾಪ್ ಅಥವಾ ಕೋರಲ್‌ಡ್ರಾದಲ್ಲಿ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ 'ಪರ್ಫಾರ್ಮೆನ್ಸ್' ಪುಟದಲ್ಲಿ ಮೆಮೊರಿ, ಡಿಸ್ಕ್, ಸಿಪಿಯು ಎಷ್ಟು ಬಳಕೆ ಆಗ್ತಾ ಇದೆ ಅಂತ ಕಾಣುತ್ತದೆ. ಅಲ್ಲಿ ಮೆಮೊರಿ 95 ಶೇಕಡಾ, ಡಿಸ್ಕ್ ಪೂರ್ತಿ 100 ಇತ್ತು. ಸಿಪಿಯು ಮಾತ್ರ ಆರಾಮಾಗಿತ್ತು.

ಅಡುಗೆಮನೆಯ ಹಾಗೆ ಯೋಚಿಸಿ. ರ‍್ಯಾಮ್ ಅಂದರೆ ಅಡುಗೆಕಟ್ಟೆ, ಡಿಸ್ಕ್ ಅಂದರೆ ಉಗ್ರಾಣ. ಕಟ್ಟೆ ಚಿಕ್ಕದಾದರೆ ಪ್ರತಿ ಪಾತ್ರೆಗೂ ಉಗ್ರಾಣಕ್ಕೆ ಓಡಬೇಕು. ಅಡುಗೆಯವಳು ಚುರುಕಾಗಿದ್ದರೂ ಊಟ ತಡ. ಆ ಕಂಪ್ಯೂಟರಿನಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್. ಇಂದಿನ ಫೋಟೋಶಾಪಿಗೆ ಕನಿಷ್ಠ 8 ಜಿಬಿ ಬೇಕು, 16 ಇದ್ದರೆ ಒಳ್ಳೇದು.

ಎರಡನೆಯದು ಡಿಸ್ಕ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದುತ್ತದೆ. ಅದೇ ಜಾಗಕ್ಕೆ ಕೂರುವ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ವಿಂಡೋಸ್, ಸಾಫ್ಟ್‌ವೇರ್ ಎರಡನ್ನೂ ಎಸ್‌ಎಸ್‌ಡಿಗೆ ಹಾಕಿಸಿ, ಹಳೆಯ ಡಿಸ್ಕನ್ನು ಮುಗಿದ ಆರ್ಡರುಗಳನ್ನು ಇಡಲು ಬಳಸಬಹುದು. ಬಿಚ್ಚುವ ಮೊದಲು ಎಲ್ಲಾ ಫೈಲುಗಳ ನಕಲು ಬೇರೆ ಕಡೆ ಇರಲಿ.

ಮೂರನೆಯದಕ್ಕೆ ಖರ್ಚೇ ಇಲ್ಲ. ಹುಡುಗಿ 6 ಅಡಿ, 4 ಅಡಿಯ ಬಟ್ಟೆ ಬ್ಯಾನರನ್ನೂ ಮದುವೆ ಕಾಗದದ ಹಾಗೆ 300 ಡಿಪಿಐಯಲ್ಲಿ ಮಾಡುತ್ತಿದ್ದಳು. ಆಗ ಯಂತ್ರ 31 ಕೋಟಿ ಚುಕ್ಕೆಗಳನ್ನು ಹೊರಬೇಕು. ದೂರದಿಂದ ನೋಡುವ ಬ್ಯಾನರಿಗೆ 100 ಸಾಕು. ಚುಕ್ಕೆಗಳು ಮೂರೂವರೆ ಕೋಟಿಗೆ ಇಳಿಯುತ್ತವೆ. ಒಂಬತ್ತರಲ್ಲಿ ಒಂದು ಪಾಲು ಭಾರ! ಕಾಗದಕ್ಕೆ ಮಾತ್ರ 300 ಬೇಕೇ ಬೇಕು. ಕೆಲಸದ ಹೊತ್ತಿಗೆ ಬೇಡದ ಬೇರೆ ಕಿಟಕಿಗಳನ್ನು ಮುಚ್ಚಿಡಿ. ಫ್ಯಾನಿನ ಧೂಳನ್ನೂ ಆಗಾಗ ತೆಗೆಸಿ, ಬಿಸಿಯಾದ ಯಂತ್ರ ತಾನಾಗಿಯೇ ನಿಧಾನವಾಗುತ್ತದೆ.

ಆ ಸಂಘದವರು ಉಳಿತಾಯದ ಹಣದಿಂದಲೇ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿದರು. ಸಾಲದ ನಿರ್ಣಯ ರದ್ದಾಯಿತು. ಮುಂದಿನ ಸಭೆಯಲ್ಲಿ ದೂರು ಹೇಳಿದ ಅಕ್ಕನೇ ಎದ್ದು ನಿಂತು, "ತಪ್ಪು ನಂದು ಮಗಾ" ಅಂದರು. ನಮಗೆ ದೊಡ್ಡ ಲಾಭ ಅಂತ ಕಂಡದ್ದು ಅದೇ.

ಹಾಗಂತ ಎಲ್ಲಾ ಹಳೆಯ ಯಂತ್ರಕ್ಕೂ ದುಡ್ಡು ಸುರಿಯಬೇಡಿ. ಡಿಡಿಆರ್3 ಬೋರ್ಡಿಗೆ ಡಿಡಿಆರ್4 ರ‍್ಯಾಮ್ ಕೂರುವುದಿಲ್ಲ. ಬೋರ್ಡ್ ಎಷ್ಟು ಜಿಬಿ ತಾಳುತ್ತದೆ ಅಂತ ಮೊದಲು ಕೇಳಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ, ತೀರಾ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಇದೆಲ್ಲ ನೋಡಿಯೂ ಹೊಸದೇ ಬೇಕೆಂದಾದರೆ ಧೈರ್ಯವಾಗಿ ಸಾಲ ಮಾಡಿ. ಎರಡು-ಮೂರು ಅಂಗಡಿಗಳಿಂದ ಬರಹದಲ್ಲಿ ದರಪಟ್ಟಿ ತಂದು ಸಭೆಯಲ್ಲಿ ಓದಿ.

ಸಹೋದರಿಯರೇ, ಸಾಲಕ್ಕೆ ಸಹಿ ಹಾಕುವ ಮೊದಲು ತಪಾಸಣೆ, ಒಬ್ಬರ ಮೇಲೆ ತಪ್ಪು ಹೊರಿಸುವ ಮೊದಲೂ ತಪಾಸಣೆ. ಇದನ್ನು ನಿಮ್ಮ ಸಂಘದಲ್ಲಿ ಚರ್ಚಿಸಿರಿ. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.