ಗಡಿಯಾರಕ್ಕೂ ಅಂಕವೇ?



ತರಗತಿಯಲ್ಲಿ ಆಟದ ರೂಪದ ಕ್ವಿಜ್ ಬೇಕೇ, ಅದರಿಂದ ಮಕ್ಕಳ ಆತಂಕ ಹೆಚ್ಚುತ್ತದೆಯೇ ಎಂಬುದು ಈ ವಿಚಾರ ಸಂಕಿರಣದ ಪ್ರಶ್ನೆ. ಆಶಯ ಭಾಷಣಕ್ಕೆ ಬಂದವರು ಎರಡೂ ಕಡೆಯವರನ್ನು ಸಮಾಧಾನಪಡಿಸಿ ಇಳಿದುಹೋಗುವುದು ವಾಡಿಕೆ. ನನಗೊಂದು ಪಕ್ಷವಿದೆ, ಮೊದಲೇ ಹೇಳಿಬಿಡುತ್ತೇನೆ. ಕ್ವಿಜ್ ಇರಲಿ, ಅದರೊಳಗಿನ ಗಡಿಯಾರ ಬೇಡ.

ಕಹೂಟ್ ಇಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ನಾರ್ವೆಯ ಪ್ರಾಧ್ಯಾಪಕ ಆಲ್ಫ್ ಇಂಗೆ ವಾಂಗ್ 2006ರ ಸುಮಾರಿಗೆ ತಮ್ಮ ತರಗತಿಯಲ್ಲಿ ನಡೆಸಿದ ಪ್ರಯೋಗದಿಂದ ಬೆಳೆದ ಕ್ವಿಜ್ ಆಟ ಅದು. 2013ರಲ್ಲಿ ಎಲ್ಲರ ಕೈಗೆ ಬಂತು. ಪರದೆಯ ಮೇಲೆ ಪ್ರಶ್ನೆ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಹಿನ್ನೆಲೆಯಲ್ಲಿ ಎದೆಬಡಿತ ಹೆಚ್ಚಿಸುವ ಸಂಗೀತ. ನಿದ್ದೆಗಣ್ಣಿನ ಮಧ್ಯಾಹ್ನದ ತರಗತಿಯೂ ಎದ್ದು ಕೂರುತ್ತದೆ, ಸುಳ್ಳಲ್ಲ.

ಆದರೆ ಅಂಕದ ಲೆಕ್ಕವನ್ನು ಸ್ವಲ್ಪ ನೋಡಿ. ಸಾಮಾನ್ಯವಾಗಿ ಒಂದು ಪ್ರಶ್ನೆಗೆ ಹೆಚ್ಚೆಂದರೆ 1000. ಅದರಲ್ಲಿ ಅರ್ಧ ಸಮಯದ ಜೊತೆ ಕರಗುತ್ತಾ ಹೋಗುತ್ತದೆ. 20 ಸೆಕೆಂಡಿನ ಪ್ರಶ್ನೆಗೆ ನಾಲ್ಕನೇ ಸೆಕೆಂಡಿನಲ್ಲಿ ಸರಿಯುತ್ತರ ಒತ್ತಿದವಳಿಗೆ 900, ಹದಿನಾರನೇ ಸೆಕೆಂಡಿನಲ್ಲಿ ಅದೇ ಉತ್ತರ ಒತ್ತಿದವಳಿಗೆ 600. ಇಬ್ಬರಿಗೂ ರಸಾಯನ ವಿಜ್ಞಾನ ಅಷ್ಟೇ ಗೊತ್ತು. ಆ 300 ಅಂಕ ಯಾವ ಪಾಠಕ್ಕೆ?

ನಾನು ರಸಾಯನ ವಿಜ್ಞಾನದವನು, ನಮ್ಮ ಹಳೆಯ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. ಲೀಟರಿಗೆ 10⁻⁸ ಮೋಲ್ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರಾವಣದ ಪಿಎಚ್ ಎಷ್ಟು? ಸೂತ್ರ ಬಾಯಿಗೆ ಬಂದವರ ಬೆರಳು ಮೂರೇ ಸೆಕೆಂಡಿನಲ್ಲಿ 8ರ ಮೇಲೆ ಬೀಳುತ್ತದೆ. ಸ್ವಲ್ಪ ತಡೆಯುವವಳಿಗೆ ಮಾತ್ರ ಅನುಮಾನ ಹುಟ್ಟುತ್ತದೆ: ನೀರಿಗೆ ಆಮ್ಲ ಬೆರೆಸಿದರೆ ಅದು ಕ್ಷಾರ ಆಗುವುದೆಂದರೇನು? ಆಗ ಅವಳು ನೀರು ತಾನೇ ಒದಗಿಸುವ ಹೈಡ್ರೋಜನ್ ಅಯಾನುಗಳನ್ನು ನೆನೆಸಿಕೊಳ್ಳುತ್ತಾಳೆ, ಅವನ್ನೂ ಸೇರಿಸಿ ಲೆಕ್ಕ ಹಾಕುತ್ತಾಳೆ, 7ಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಸುಮಾರು 6.98ಕ್ಕೆ ಬರುತ್ತಾಳೆ. ಅಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಆ ಅನುಮಾನವೇ ವಿಜ್ಞಾನ. ಅದಕ್ಕೆ ನಾವು ದಂಡ ಹಾಕುತ್ತಿದ್ದೇವೆ.

ನಮ್ಮ ಕಾಲೇಜುಗಳಲ್ಲಿ ಇದರ ಮೇಲೆ ಇನ್ನೊಂದು ಹೊರೆಯಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ದಾಟಿ ಬಿಎಸ್‌ಸಿಗೆ ಬರುತ್ತಾಳೆ. ಪರದೆಯ ಮೇಲಿನ ಎರಡು ಸಾಲಿನ ಇಂಗ್ಲಿಷ್ ಪ್ರಶ್ನೆಯನ್ನು ಓದಿ, ಒಳಗೊಳಗೇ ಕನ್ನಡಕ್ಕೆ ತಂದುಕೊಂಡು, ಮತ್ತೆ ಆಯ್ಕೆಗಳತ್ತ ಕಣ್ಣು ಹಾಯಿಸುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಹೀಗೆ ನಾಲ್ಕು ಪ್ರಶ್ನೆ ಆದ ಮೇಲೆ ಅವಳು ಓದುವುದನ್ನೇ ಬಿಟ್ಟು ಕೆಂಪು ತ್ರಿಕೋನವನ್ನು ಒತ್ತತೊಡಗುತ್ತಾಳೆ. ಪರದೆಯಲ್ಲಿ ಮೊದಲ ಐವರ ಹೆಸರು ಮಿನುಗುತ್ತದೆ. ಅವಳ ಸ್ಥಾನ ಅವಳ ಮೊಬೈಲಿನಲ್ಲಿ ಮಾತ್ರ ಕಾಣುತ್ತದೆ ಎನ್ನುವಿರಿ. ಪಕ್ಕದವಳು ಇಣುಕುವುದಿಲ್ಲವೇ!

ಹಾಗೆಂದು ಕ್ವಿಜ್ ಅನ್ನೇ ದೂರುವಂತಿಲ್ಲ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಮೇಲು ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಕಳೆದ ಮೇಲೆ ನೆನಪಿಸಿಕೊಂಡು ಬರೆದವರು ಮುಂದು. ಇನ್ನೊಂದೆಡೆ, ಗಣಿತದ ಭಯ ಇದ್ದವರಲ್ಲಿ ಲೆಕ್ಕ ಮಾಡುವಾಗ ಅಂಕಿಗಳನ್ನು ತತ್ಕಾಲಕ್ಕೆ ಹಿಡಿದಿಡಬೇಕಾದ ಮನಸ್ಸಿನ ಜಾಗವನ್ನು ಆ ಭಯವೇ ಕಬಳಿಸುತ್ತದೆ ಎಂದು ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲೇ ಹೇಳಿದ್ದರು. 2018ರಲ್ಲಿ ಕೂಪರ್, ಡೌನಿಂಗ್ ಮತ್ತು ಬ್ರೌನೆಲ್ ಅಮೆರಿಕದ ದೊಡ್ಡ ವಿಜ್ಞಾನ ತರಗತಿಗಳ ವಿದ್ಯಾರ್ಥಿಗಳನ್ನೇ ಕೂರಿಸಿ ಕೇಳಿದರು. ಕೈಯಲ್ಲಿನ ಗುಂಡಿ ಒತ್ತಿ ಉತ್ತರಿಸುವ ಕ್ಲಿಕ್ಕರ್ ಪ್ರಶ್ನೆಗಳಿಂದ ಆತಂಕ ಕೆಲವು ಸಲ ಇಳಿಯಿತು, ಕೆಲವು ಸಲ ಏರಿತು. ಇದ್ದಕ್ಕಿದ್ದಂತೆ ಎಬ್ಬಿಸಿ ಉತ್ತರ ಕೇಳಿದರೆ ಮಾತ್ರ ಏರುವುದೊಂದೇ. ನಾಲ್ಕು ಜನರ ಮುಂದೆ ದಡ್ಡರೆನಿಸಿಕೊಳ್ಳುವ ಭಯ ಅದರ ಬುಡದಲ್ಲಿತ್ತು.

ಅದೇ ವಾಂಗ್, ತಾಹಿರ್ ಜೊತೆ ಬರೆದ 2020ರ ಸಮೀಕ್ಷೆಯಲ್ಲಿ, ಕಹೂಟ್‌ನಿಂದ ಆತಂಕ ತಗ್ಗಿತೆಂದು ಹೇಳುವ ಅಧ್ಯಯನಗಳನ್ನೂ ಪಟ್ಟಿಮಾಡಿದ್ದಾರೆ. ನಿಜವಿರಬೇಕು. ಅಡ್ಡಹೆಸರಿನ ಮರೆ ಅದರಲ್ಲಿದೆ, ತಪ್ಪಾದರೆ ಯಾರೂ ಕೈತೋರಿಸುವುದಿಲ್ಲ. ಆ ಮರೆಯನ್ನು ಉಳಿಸಿಕೊಳ್ಳೋಣ. ಸಮಯಕ್ಕೆ ಕೊಡುವ ಅಂಕವನ್ನು ತೆಗೆಯಲು ಆಟದ ಸೆಟ್ಟಿಂಗಿನಲ್ಲೇ ದಾರಿಯಿದೆ. ಪ್ರಶ್ನೆಗೆ ನಾಲ್ಕು ನಿಮಿಷದವರೆಗೂ ಕೊಡಬಹುದು, ಗುಂಪಾಗಿಯೂ ಆಡಿಸಬಹುದು. ನಮ್ಮಲ್ಲಿ ಆ ಮೆನುವನ್ನು ತೆರೆದು ನೋಡಿದವರು ಎಷ್ಟು ಜನ?

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ ಮೂರು ದಶಕಗಳ ಹಿಂದೆಯೇ ಪ್ರಶ್ನೆ ಕೇಳಿ, ಮೊದಲು ಒಬ್ಬೊಬ್ಬರೇ ಉತ್ತರಿಸಲು ಬಿಟ್ಟು, ಆಮೇಲೆ ಪಕ್ಕದವರೊಡನೆ ವಾದಿಸಲು ಹೇಳಿ, ಮತ್ತೆ ಉತ್ತರ ಪಡೆಯುತ್ತಿದ್ದರು. ಪ್ರೊಜೆಕ್ಟರ್ ಕೆಟ್ಟಿರುವ, ನೆಟ್‌ವರ್ಕ್ ಸಿಗದ ಕೊಠಡಿಯಲ್ಲೂ ಇದು ನಡೆಯುತ್ತದೆ. ರಟ್ಟಿನ ಮೇಲೆ ಎ, ಬಿ, ಸಿ, ಡಿ ಬರೆದುಕೊಂಡು, ಎದೆಗೆ ಒತ್ತಿ ಹಿಡಿದರೆ ಅಧ್ಯಾಪಕರಿಗೆ ಮಾತ್ರ ಕಾಣುತ್ತದೆ. ಇಂಟರ್ನಲ್ಸ್ ಅಂಕಕ್ಕೆ ಇದನ್ನು ಜೋಡಿಸಿದ ಕ್ಷಣ ಎಲ್ಲ ಕೆಟ್ಟಿತು, ಅದೊಂದು ನೆನಪಿರಲಿ.

ಮಧ್ಯಾಹ್ನದ ಕಾರ್ಯಾಗಾರಕ್ಕೆ ನನ್ನದೊಂದು ಕೋರಿಕೆ. ಪ್ರತಿ ಗುಂಪೂ ಹತ್ತು ಪ್ರಶ್ನೆ ತಯಾರಿಸಲಿ, ಐದು ಇಂಗ್ಲಿಷಿನಲ್ಲಿ, ಐದು ಕನ್ನಡ–ಇಂಗ್ಲಿಷ್ ಎರಡರಲ್ಲೂ. ಇಲ್ಲಿ ಹಿಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಅರ್ಧವನ್ನು ಗಡಿಯಾರ ಇಟ್ಟು, ಉಳಿದರ್ಧವನ್ನು ಇಡದೆ ಕೊಡಿ. ಉತ್ತರಗಳನ್ನಷ್ಟೇ ಅಲ್ಲ, ಒತ್ತುವ ಮುಂಚೆ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಹೆಸರು ಬೇಡ. ಸಂಜೆಯ ಗೋಷ್ಠಿಯಲ್ಲಿ ಪ್ರಬಂಧಗಳಿಗಿಂತ ಮೊದಲು ಆ ಚೀಟಿಗಳನ್ನು ಓದೋಣ.