ಗೇಟಿನೊಳಗಿನ ಮನೆಯೂ ನಮ್ಮ ಗಂಟೂ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದಿಲ್ಲಿಯ ಹೊಟೇಲುಗಳಲ್ಲಿ ನಸುಕಿಗೇ ಎದ್ದು ದೋಸೆ ಹೊಯ್ಯುವ, ನೋಯಿಡಾದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವ ನಮ್ಮವರ ಬಾಯಲ್ಲಿ ಈಗ ಮನೆಯದೇ ಮಾತು. ಎತ್ತರದ ಗೋಡೆ, ಕಾವಲುಗಾರ, ಈಜುಕೊಳ, ಕ್ಲಬ್ಬು ಇರುವ ಸೊಸೈಟಿಗಳ ಜಾಹೀರಾತು ನೋಡಿ, ಊರಿನ ಗದ್ದೆ ಮಾರಿ, ಪ್ರಾವಿಡೆಂಟ್ ಫಂಡು ತೆಗೆದು ಮುಂಗಡ ಕೊಡಲು ಹೊರಟವರು ನಮ್ಮಲ್ಲಿದ್ದಾರೆ. ಅಂಥ ಮನೆ ನಮಗೆ ಸಲ್ಲದೆಂದು ನಾವು ಹೇಳುವುದಿಲ್ಲ. ಮಗಳು ಕಲಿತು ಒಳ್ಳೆಯ ಉದ್ಯೋಗ ಹಿಡಿದರೂ ತಂದೆ ಗೇಟಿನ ಹೊರಗೇ ನಿಲ್ಲಬೇಕೆಂಬ ನಿಯಮವೇನಿಲ್ಲವಷ್ಟೆ! ಆದರೆ ದುಡ್ಡು ಮೊದಲು ಹೋಗುತ್ತದೆ, ಮನೆ ಆಮೇಲೆ ಬರುತ್ತದೆ. ನಡುವೆ ಆ ದುಡ್ಡು ಯಾರ ಕೈಯಲ್ಲಿರುತ್ತದೆ?

ಆಮ್ರಪಾಲಿ ಕಂಪನಿಯು ನೋಯಿಡಾ, ಗ್ರೇಟರ್ ನೋಯಿಡಾಗಳಲ್ಲಿ ಸುಮಾರು 42,000 ಜನರಿಗೆ ಮನೆ ಕೊಡುವೆನೆಂದು ಹಣ ಪಡೆಯಿತು. ಆ ಹಣ ಬೇರೆ ಕಡೆಗೆ ಹರಿಯಿತೆಂದು 2019ರ ಜುಲೈ 23ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಿಂತ ಕಟ್ಟಡಗಳನ್ನು ಮುಗಿಸುವ ಕೆಲಸ ಸರಕಾರಿ ಸಂಸ್ಥೆ ಎನ್.ಬಿ.ಸಿ.ಸಿ.ಗೆ ಬಂತು. ಸಂಸಾರಗಳು ಇದ್ದ ಮನೆಗೆ ಬಾಡಿಗೆ, ಇಲ್ಲದ ಮನೆಗೆ ಕಂತು ಎಂದು ಎರಡನ್ನೂ ವರ್ಷಗಟ್ಟಲೆ ಕಟ್ಟಿದವು. ನಮ್ಮ ಕೌಂಟರಿನಲ್ಲಿ ಟೋಕನ್ ಕೊಂಡ ಗಿರಾಕಿಗೆ ಹತ್ತು ನಿಮಿಷ ತಡವಾದರೆ ಎಷ್ಟು ಗಲಾಟೆ!

ಇನ್ನೊಂದು ಸಂಗತಿ ನೋಯಿಡಾದ 93-ಎ ಸೆಕ್ಟರಿನ ಎಮರಾಲ್ಡ್ ಕೋರ್ಟಿನದು. ಮನೆ ಕೊಂಡವರಿಗೆ ತೋಟವೆಂದು ತೋರಿಸಿದ್ದ ಜಾಗದಲ್ಲಿ ಸೂಪರ್‌ಟೆಕ್ ಕಂಪನಿ 40 ಅಂತಸ್ತಿನ ಎರಡು ಗೋಪುರ ಎಬ್ಬಿಸಹೊರಟಿತು. ಒಬ್ಬೊಬ್ಬರಾಗಿ ಕೇಳಿದರೆ ಯಾರು ಕಿವಿಗೊಟ್ಟಾರು? ನಿವಾಸಿಗಳು ಚಂದಾ ಕೂಡಿಸಿ, ತಮ್ಮ ಸಂಘದ ಹೆಸರಿನಲ್ಲಿ 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋದರು. ಕೆಡವಿರೆಂದು 2014ರಲ್ಲಿ ಆಜ್ಞೆಯಾಯಿತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ನೋಯಿಡಾ ಪ್ರಾಧಿಕಾರದ ಅಧಿಕಾರಿಗಳೂ ಕಂಪನಿಯೊಡನೆ ಕೂಡಿಕೊಂಡಿದ್ದರೆಂದಿತು. 2022ರ ಆಗಸ್ಟ್ 28ರ ಮಧ್ಯಾಹ್ನ, ಸುಮಾರು 3,700 ಕಿಲೋ ಸ್ಫೋಟಕ ತುಂಬಿದ ಆ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ಧೂಳಾದವು. ನಮಗಿಂತ ಉಳ್ಳವರಿಗೂ ಅಲ್ಲಿ ಸಂಘವೇ ಬೇಕಾಯಿತು, ನೋಡಿ.

ಇನ್ನು ಕಾನೂನು. 2016ರ ರೇರಾ ಕಾಯಿದೆಯ ಪ್ರಕಾರ, ಕರಾರು ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿದ್ದು, ಆ ನೆಲಕ್ಕೂ ಕಟ್ಟಡಕ್ಕೂ ಮಾತ್ರ ಖರ್ಚಾಗಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಹಣವನ್ನು ಬಡ್ಡಿಸಹಿತ ವಾಪಸು ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ನೋಯಿಡಾ ಉತ್ತರ ಪ್ರದೇಶದ ರೇರಾಕ್ಕೆ ಸೇರಿದ್ದು, ಗುರುಗ್ರಾಮ ಹರಿಯಾಣದ್ದಕ್ಕೆ. ಅಳತೆ ಕೇಳುವಾಗ ಕಾರ್ಪೆಟ್ ಏರಿಯಾ ಕೇಳಿ. ಮೆಟ್ಟಿಲು, ಲಿಫ್ಟು, ಕ್ಲಬ್ಬಿನ ಪಾಲನ್ನೆಲ್ಲ ಸೇರಿಸಿ ಹಿಗ್ಗಿಸಿದ ಅಳತೆಯನ್ನಲ್ಲ. ನೋಯಿಡಾದಲ್ಲಿ ನೆಲವೂ ಕೊಂಡವರದಾಗುವುದಿಲ್ಲ. ಸಾಮಾನ್ಯವಾಗಿ ಪ್ರಾಧಿಕಾರದಿಂದ 90 ವರ್ಷದ ಗುತ್ತಿಗೆ. ಬಿಲ್ಡರು ಆ ಬಾಕಿ ಕಟ್ಟದಿದ್ದರೆ, ನಾವು ಪೂರ್ತಿ ಹಣ ಕೊಟ್ಟಿದ್ದರೂ ನಮ್ಮ ರಿಜಿಸ್ಟ್ರಿ ನಿಲ್ಲುತ್ತದೆ. ಇದನ್ನು ಏಜೆಂಟರು ಹೇಳುವುದು ಅಪರೂಪ.

ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಸಂಘದ ಕಛೇರಿಗೆ ತನ್ನಿ. ಭಾನುವಾರ ಸಂಜೆ ವಕೀಲ ಮಿತ್ರರೊಬ್ಬರು ಕುಳಿತು ಓದಿ ಕನ್ನಡದಲ್ಲಿ ತಿಳಿಸಲು ಒಪ್ಪಿದ್ದಾರೆ. ಈಗಾಗಲೇ ಮುಂಗಡ ಕೊಟ್ಟವರು ರಸೀದಿಗಳನ್ನೂ ಜೊತೆಗೆ ತನ್ನಿ.